ಯಜಮಾನರಿಲ್ಲದ ಮನೆಯ ಬಾಡಿಗೆ

ಮನೆಯ ಯಜಮಾನರು ತೀರಿಕೊಂಡ ದಿನ ಬಂಧುಗಳಿಗೆ ಬೇಕಾದುದೆಲ್ಲವೂ ನೆನಪಿಗೆ ಬರುತ್ತದೆ. ದೂರದ ಊರುಗಳಿಗೆ ಸುದ್ದಿ ಮುಟ್ಟಿಸುವುದು, ಪುರೋಹಿತರಿಗೆ ಹೇಳಿಕಳುಹಿಸುವುದು, ಅಡಿಗೆಯವರನ್ನು ಗೊತ್ತುಮಾಡುವುದು, ವೈಕುಂಠ ಸಮಾರಾಧನೆಗೆ ಯಾರನ್ನು ಕರೆಯಬೇಕು, ಯಾರನ್ನು ಬಿಟ್ಟರೆ ಯಾರಿಗೆ ಕೋಪ ಬಂದೀತು, ಎಲ್ಲವನ್ನೂ ಯಾರಾದರೊಬ್ಬರು ಜ್ಞಾಪಿಸುತ್ತಾರೆ. ಯಾರ ನೆನಪಿಗೂ ಬಾರದ ಸಂಗತಿ ಒಂದುಂಟು. ಅದು ಮುಂದಿನ ತಿಂಗಳ ಒಂದನೆಯ ತಾರೀಖು. ಯಜಮಾನರು ಹೋದರೂ ಅವರು ಕಟ್ಟಿಸಿದ ಮನೆ ಹೋಗುವುದಿಲ್ಲ; ಆ ಮನೆಯಲ್ಲಿ ಬಾಡಿಗೆಗೆ ಇರುವವರೂ ಹೋಗುವುದಿಲ್ಲ. ಒಂದನೆಯ ತಾರೀಖಿನ ಬೆಳಿಗ್ಗೆ ಅವರು ಹಣ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಕೈ ನೀಡುವವರು ಯಾರು? ಆ ದಿನ ಯಾರ ಕೈ ಮೊದಲು ಮುಂದಕ್ಕೆ ಬಂದಿತೋ ಅವರೇ ಮುಂದೆ ಯಜಮಾನರೆಂದು ಕರೆಸಿಕೊಳ್ಳುತ್ತಾರೆ. ಅನೇಕ ಸಂಸಾರಗಳಲ್ಲಿ ಮನಸ್ತಾಪದ ಮೊದಲ ಬೀಜ ಬೀಳುವುದು ಅಲ್ಲಿಯೇ.

ಈ ವಿಷಯವಾಗಿ ಬರೆಯಬೇಕೆಂದು ನನಗೆ ತೋರಿದುದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ. ಶ್ರಾವಣ ಮಾಸದ ಒಂದು ಶನಿವಾರ, ನಲವತ್ತು ವರ್ಷ ಸಿವಿಲ್ ವ್ಯಾಜ್ಯಗಳನ್ನು ನಡೆಸಿ ಈಗ ವಿಶ್ರಾಂತರಾಗಿರುವ ವಕೀಲ ಮಿತ್ರರೊಬ್ಬರೊಡನೆ ಅಲ್ಲಿಗೆ ಹೋಗಿದ್ದೆ. ಗುಂಡ್ಲುಪೇಟೆಯನ್ನು ದಾಟಿ ಊಟಿಯ ರಸ್ತೆಯಲ್ಲಿ ಸಾಗಿ, ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಇಕ್ಕೆಲಗಳಲ್ಲಿಯೂ ಚೆಂಡುಹೂವಿನ ಹೊಲಗಳು; ಆ ಹಳದಿ ಕೆಂಪು ಬಣ್ಣವನ್ನು ಕಾಣಲೆಂದೇ ಕೇರಳದಿಂದ ಜನ ಬಂದು ನಿಲ್ಲುತ್ತಾರೆ. ಬೆಟ್ಟದ ಎತ್ತರ 1,454 ಮೀಟರು. ಅದು ಬಂಡೀಪುರದ ಹುಲಿ ಸಂರಕ್ಷಿತ ಅರಣ್ಯಕ್ಕೆ ಸೇರಿದ್ದಾದ್ದರಿಂದ ಸ್ವಂತ ವಾಹನಗಳನ್ನು ತಪ್ಪಲಿನಲ್ಲಿಯೇ ಬಿಟ್ಟು ಸರ್ಕಾರಿ ಬಸ್ಸನ್ನು ಹಿಡಿಯಬೇಕು. ಆ ಬಸ್ಸಿನ ಸಾಲಿನಲ್ಲಿಯೇ ನಮಗೆ ಆ ಸಂಸಾರ ಸಿಕ್ಕಿದ್ದು.

ಹಿರಿಯ ಮಗ ಗುಂಡ್ಲುಪೇಟೆಯಲ್ಲಿ ಅಂಗಡಿ ಇಟ್ಟವರು. ನಮ್ಮ ವಕೀಲ ಮಿತ್ರರಿಗೆ ಹಳೆಯ ಪರಿಚಯ. ಜೊತೆಯಲ್ಲಿ ವಯಸ್ಸಾದ ತಾಯಿ, ಮೈಸೂರಿನಲ್ಲಿ ಮನೆ ಮಾಡಿಕೊಂಡಿರುವ ತಂಗಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತಮ್ಮ. ತಂದೆ ತೀರಿಕೊಂಡು ವರ್ಷವಾಗಿತ್ತು. ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಬೆಟ್ಟದ ದೇವರ ದರ್ಶನಕ್ಕೆ ಹೋಗಬಾರದೆಂಬ ಸಂಪ್ರದಾಯವನ್ನು ಅವರು ಪಾಲಿಸಿದ್ದರು. ವರ್ಷಾಬ್ದಿಕ ಮುಗಿಸಿ ನಾಲ್ವರೂ ಒಟ್ಟಿಗೆ ಬೆಟ್ಟ ಹತ್ತಿದುದು ಅದೇ ಮೊದಲು. ಒಟ್ಟಿಗೆ ಬಂದಿದ್ದರೇ ಹೊರತು ಒಟ್ಟಿಗೆ ಮಾತನಾಡುತ್ತಿರಲಿಲ್ಲ. ಬಸ್ಸಿನಲ್ಲಿ ಅಣ್ಣ ಮುಂದಿನ ಸೀಟಿನಲ್ಲಿ, ತಂಗಿ ಹಿಂದಿನ ಸೀಟಿನಲ್ಲಿ, ನಡುವೆ ತಾಯಿ.

ದರ್ಶನವಾಯಿತು. ಮಂಜು ಒಮ್ಮೆ ಗೋಪುರವನ್ನು ಮುಚ್ಚುತ್ತ, ಒಮ್ಮೆ ಬಿಚ್ಚುತ್ತ ಇತ್ತು. ದೇವಸ್ಥಾನದ ಹೊರಗಿನ ಕಲ್ಲುಕಟ್ಟೆಯ ಮೇಲೆ ನಾವು ಕುಳಿತಿದ್ದಾಗ ಹಿರಿಯ ಮಗ ಬಂದು, "ವಕೀಲರೇ, ತಾವು ಸಿಕ್ಕಿದ್ದು ದೇವರು ಕಳುಹಿಸಿದ ಹಾಗಾಯಿತು. ಒಂದು ಮಾತು ಕೇಳಬಹುದೇ?" ಎಂದರು. ಮಾತು ಒಂದಾಗಿರಲಿಲ್ಲ, ಒಂದು ವರ್ಷದ ಮಾತಾಗಿತ್ತು.

ತಂದೆ ಸರ್ಕಾರಿ ನೌಕರಿಯಲ್ಲಿದ್ದು, ತಮ್ಮ ಸ್ವಂತ ಸಂಪಾದನೆಯಿಂದ ಪಟ್ಟಣದಲ್ಲಿ ನಾಲ್ಕು ಸಾಲುಮನೆಗಳನ್ನು ಕಟ್ಟಿಸಿದ್ದರು. ಹಂಗಳದ ಕಡೆ ಎರಡು ಎಕರೆ ಹೊಲವನ್ನೂ ಕೊಂಡಿದ್ದರು. ಉಯಿಲು ಬರೆದಿರಲಿಲ್ಲ. ಮನೆಗಳಿಗೆ ತಿಂಗಳಿಗೆ ತಲಾ 6,000 ರೂಪಾಯಿ ಬಾಡಿಗೆ. ತಂದೆ ಹೋದ ಮೇಲೆ ಊರಿನಲ್ಲಿದ್ದ ಹಿರಿಯ ಮಗನೇ ಬಾಡಿಗೆ ವಸೂಲು ಮಾಡಿದರು. ಸೋರುತ್ತಿದ್ದ ಮಾಡನ್ನು ರಿಪೇರಿ ಮಾಡಿಸಿದರು. ಪುರಸಭೆಗೆ ಕಂದಾಯ ಕಟ್ಟಿದರು. ತಂಗಿ ಒಮ್ಮೆ ಲೆಕ್ಕ ಕೇಳಿದಳು. "ನನ್ನ ಮೇಲೆ ನಂಬಿಕೆಯಿಲ್ಲವೇ?" ಎಂದರು. ತಮ್ಮ ಎಲ್ಲವನ್ನೂ ಮಾರಿಬಿಡೋಣವೆಂದ. ಅಲ್ಲಿಂದ ಮೂವರಲ್ಲಿಯೂ ಮುಖ ಕೆಟ್ಟಿತು. ಮೊದಲ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಇರುವ ಟೈಲರಿಗೆ ಮೂವರೂ ಬೇರೆ ಬೇರೆಯಾಗಿ ಫೋನು ಮಾಡಿ, ಬಾಡಿಗೆಯನ್ನು ತನಗೇ ಕೊಡಬೇಕೆಂದು ಹೇಳಿದರು. ಆತ ಮೂರು ತಿಂಗಳಿನಿಂದ ಯಾರಿಗೂ ಕೊಟ್ಟಿಲ್ಲ.

"ಬಾಡಿಗೆ ಕೊಡದವನನ್ನು ಬಿಡಿಸಬಹುದಲ್ಲವೇ, ಸ್ವಾಮಿ?" ಎಂದು ಹಿರಿಯ ಮಗ ಕೇಳಿದರು.

ನಮ್ಮ ಮಿತ್ರರು ನಕ್ಕರು. "ಆತ ಕೊಡದವನಲ್ಲ, ಯಾರಿಗೆ ಕೊಡಬೇಕೆಂದು ತಿಳಿಯದವನು. ಮೂರು ಕೈಗಳು ಒಟ್ಟಿಗೆ ಮುಂದೆ ಬಂದರೆ ಬುದ್ಧಿವಂತನಾದವನು ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಎಲ್ಲರನ್ನೂ ಕರೆಯಿರಿ. ಒಬ್ಬರಿಗೆ ಹೇಳಿದರೆ ಪ್ರಯೋಜನವಿಲ್ಲ."

ನಾಲ್ವರೂ ಬಂದು ಕುಳಿತರು. ಅಂದು ಅವರು ಹೇಳಿದ ಮಾತುಗಳ ಸಾರವನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಇಂತಹ ಸಾಲುಮನೆಗಳೂ ಇಂತಹ ಅಣ್ಣತಮ್ಮಂದಿರೂ ಗುಂಡ್ಲುಪೇಟೆಯಲ್ಲಿ ಮಾತ್ರ ಇರುವವರಲ್ಲವಷ್ಟೆ.

ಮೊದಲನೆಯದು, ಮನೆ ಈಗ ಯಾರದು ಎಂಬ ಪ್ರಶ್ನೆ. ಹಿಂದೂ ಗೃಹಸ್ಥನೊಬ್ಬನು ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಇವರಿಗೆ ಸಮಭಾಗವಾಗಿ ಸೇರುತ್ತದೆ. ಮೊದಲೇ ತೀರಿಹೋದ ಮಗ ಅಥವಾ ಮಗಳಿದ್ದರೆ ಆ ಭಾಗ ಅವರ ವಾರಸುದಾರರಿಗೆ. ಈ ಸಂಸಾರದಲ್ಲಿ ಅಜ್ಜಿ ಇಲ್ಲವಾದ್ದರಿಂದ ಪಾಲು ನಾಲ್ಕು: ತಾಯಿಗೆ ಒಂದು, ಮಕ್ಕಳಿಗೆ ತಲಾ ಒಂದು. ಹೆಣ್ಣುಮಕ್ಕಳಿಗೆ ಪಾಲು ಬಂದುದು 2005ರಲ್ಲಿ ಎಂದು ಅನೇಕರು ತಿಳಿದಿದ್ದಾರೆ. ಅದು ಪಿತ್ರಾರ್ಜಿತವಾದ ಒಟ್ಟುಕುಟುಂಬದ ಆಸ್ತಿಯ ಮಾತು; ಅದರಲ್ಲಿಯೂ ಕರ್ನಾಟಕವು 1994ರಲ್ಲಿಯೇ ತನ್ನ ತಿದ್ದುಪಡಿಯನ್ನು ಜಾರಿಗೆ ತಂದಿತ್ತು. ತಂದೆಯ ಸ್ವಂತ ಸಂಪಾದನೆಯಲ್ಲಿ ಮಗಳಿಗೆ ಸಮಪಾಲು ದೊರೆತದ್ದು 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದಲೇ. ಅದಕ್ಕೂ ಮೊದಲು, 1933ರಲ್ಲಿಯೇ, ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಪ್ರತ್ಯೇಕ ಕಾಯಿದೆ ಮಾಡಿತ್ತೆಂಬುದು ಈ ಸೀಮೆಯವರು ಹೆಮ್ಮೆಪಡಬೇಕಾದ ವಿಷಯ. ಮದುವೆಯಲ್ಲಿ ಒಡವೆ ಹಾಕಿ ಕಳುಹಿಸಿದ್ದೇವೆ ಎಂಬ ಮಾತಿನಿಂದ ಆ ಪಾಲು ಕರಗುವುದಿಲ್ಲ. ಮುಸಲ್ಮಾನರಿಗೂ ಕ್ರೈಸ್ತರಿಗೂ ಪಾಲಿನ ಲೆಕ್ಕ ಬೇರೆ. ಆದರೆ ಮುಂದೆ ಹೇಳುವ ವ್ಯವಹಾರದ ನೀತಿ ಬಹುಮಟ್ಟಿಗೆ ಎಲ್ಲರಿಗೂ ಒಂದೇ.

"ಹಾಗಾದರೆ ನಾನು ಯಾರು?" ಎಂದು ಹಿರಿಯ ಮಗ ಕೇಳಿದರು. ಆ ಧ್ವನಿಯಲ್ಲಿ ನೋವಿತ್ತು.

"ನೀವು ನಾಲ್ಕು ಜನ ಒಡೆಯರಲ್ಲಿ ಒಬ್ಬರು, ಉಳಿದ ಮೂವರ ಪರವಾಗಿ ಮನೆ ನೋಡಿಕೊಳ್ಳುತ್ತಿರುವವರು. ವಸೂಲು ಮಾಡಿದ್ದು ತಪ್ಪಲ್ಲ. ಯಾರಾದರೂ ಮಾಡಲೇಬೇಕಿತ್ತು. ಆದರೆ ವಸೂಲು ಮಾಡಿದವರು ಲೆಕ್ಕ ಹೇಳಲೂ ಬದ್ಧರು. ಲೆಕ್ಕ ಕೇಳುವುದು ಅವಿಶ್ವಾಸವಲ್ಲ. ಲೆಕ್ಕ ಕೊಡುವುದು ಅವಮಾನವಲ್ಲ."

ಎರಡನೆಯದು, ಬಾಡಿಗೆಯವರ ವಿಷಯ. ಮನೆಯ ಒಡೆಯರು ತೀರಿಕೊಂಡರೆ ಬಾಡಿಗೆಯ ಕರಾರು ತೀರಿಹೋಗುವುದಿಲ್ಲ. ಅದೇ ಬಾಡಿಗೆ, ಅದೇ ಷರತ್ತು, ಅದೇ ಮುಂಗಡ. ಒಡೆತನ ಮಾತ್ರ ವಾರಸುದಾರರಿಗೆ ಬರುತ್ತದೆ. ಬಾಡಿಗೆಯವರು ಸದ್ಭಾವನೆಯಿಂದ, ಇವರೇ ಒಡೆಯರೆಂದು ನಂಬಿ ಕೊಟ್ಟ ಹಣಕ್ಕೆ 1882ರ ಆಸ್ತಿ ವರ್ಗಾವಣೆ ಕಾಯಿದೆಯ 50ನೆಯ ಕಲಮು ರಕ್ಷಣೆ ಕೊಡುತ್ತದೆ. ಅದೇ ಹಣವನ್ನು ಎರಡನೆಯ ಸಲ ಕೊಡಿರೆಂದು ಅವರನ್ನು ಪೀಡಿಸುವಂತಿಲ್ಲ. ಆದರೆ ತಕರಾರು ಇದೆಯೆಂದು ತಿಳಿದ ಮೇಲೆ ಕೊಟ್ಟರೆ ಆ ರಕ್ಷಣೆ ಸಂಶಯಕ್ಕೆ ಗುರಿಯಾಗುತ್ತದೆ. ಟೈಲರು ಹಣವನ್ನು ತಡೆದಿಟ್ಟದ್ದು ಅದಕ್ಕಾಗಿಯೇ. ಇದಕ್ಕೆ ಮದ್ದು ಬಹಳ ಸುಲಭ. ವಾರಸುದಾರರೆಲ್ಲರೂ ರುಜು ಮಾಡಿದ ಒಂದು ಕಾಗದ ಸಾಕು. ಇಂಥ ದಿನ ಯಜಮಾನರು ತೀರಿಕೊಂಡರು, ನಾವು ಇಷ್ಟು ಜನ ವಾರಸುದಾರರು, ಇಂಥ ತಿಂಗಳಿನಿಂದ ಬಾಡಿಗೆಯನ್ನು ಇಂಥ ಬ್ಯಾಂಕ್ ಖಾತೆಗೆ ಕಟ್ಟಬೇಕು, ನಿಮ್ಮ ಮುಂಗಡ ಇಷ್ಟಿದೆಯೆಂದು ಒಪ್ಪಿದ್ದೇವೆ, ಇಷ್ಟೇ ಒಕ್ಕಣೆ. ಒಂದು ಪ್ರತಿಯ ಮೇಲೆ ಬಾಡಿಗೆಯವರಿಂದ 'ತಲುಪಿತು' ಎಂದು ಬರೆಸಿಕೊಳ್ಳಬೇಕು. ಒಡೆಯರೊಳಗೆ ಒಮ್ಮತವಾಗದೆ ಹೋದರೆ, ಹಕ್ಕುದಾರರು ಯಾರೆಂದು ತೀರ್ಮಾನಿಸಿಕೊಡಬೇಕೆಂದು ಬಾಡಿಗೆಯವರೇ ನ್ಯಾಯಾಲಯದ ಮೊರೆಹೋಗುವ ದಾರಿಯೂ ಉಂಟು. ಹದಿನೆಂಟು ಸಾವಿರ ರೂಪಾಯಿಗೆ ಅಷ್ಟು ದೂರ ಹೋಗುವುದು ಯಾರಿಗೂ ಶೋಭೆಯಲ್ಲ.

ತೀರಿಕೊಂಡವರ ಬ್ಯಾಂಕ್ ಖಾತೆಗೇ ಬಾಡಿಗೆಯನ್ನು ಕಟ್ಟುತ್ತಿರುವುದೂ ಉಂಟು. ಸಾವಿನ ಸುದ್ದಿ ತಿಳಿದೊಡನೆ ಬ್ಯಾಂಕು ಆ ಖಾತೆಯ ವ್ಯವಹಾರವನ್ನು ನಿಲ್ಲಿಸುತ್ತದೆ. ಖಾತೆಗೆ ನಾಮನಿರ್ದೇಶನಗೊಂಡವರು ಹಣವನ್ನು ಪಡೆಯಬಹುದು. ಆದರೆ ಅವರು ಪಡೆಯುವುದು ಎಲ್ಲ ವಾರಸುದಾರರ ಪರವಾಗಿ, ತಮಗೊಬ್ಬರಿಗೇ ಅಲ್ಲ.

ಮುಂಗಡದ ಮಾತು ಬಂದಾಗ ತಮ್ಮ ತಲೆಯೆತ್ತಿ ನೋಡಿದ. ನಾಲ್ಕು ಮನೆಗಳಿಗೆ ತಲಾ 50,000ದಂತೆ 2,00,000 ರೂಪಾಯಿ ಮುಂಗಡವನ್ನು ತಂದೆ ಪಡೆದಿದ್ದರು. ಅದು ಆಗಲೇ ಖರ್ಚಾಗಿತ್ತು. ಮನೆಗಳ ಬೆಲೆಯನ್ನು ಮನಸ್ಸಿನಲ್ಲಿ ಕೂಡಿಸುತ್ತಿದ್ದ ಯಾರೊಬ್ಬರೂ ಈ ಸಾಲವನ್ನು ಕಳೆದಿರಲಿಲ್ಲ. ಆಸ್ತಿಯನ್ನು ಪಡೆದವರೇ ಮುಂಗಡವನ್ನು ಹಿಂದಿರುಗಿಸಬೇಕು. ಅಪ್ಪನ ಆಸ್ತಿ ಬೇಕು, ಅಪ್ಪನ ಸಾಲ ಬೇಡ ಎಂದರೆ ನಡೆಯುವುದಿಲ್ಲ. ಬಂದ ಆಸ್ತಿಯ ಮಟ್ಟಿಗೆ ಸಾಲಕ್ಕೂ ವಾರಸುದಾರರು ಹೊಣೆ.

ಹಾಗೆಯೇ ಬಾಕಿಯಲ್ಲಿಯೂ ಎರಡು ಬಗೆ. ಮೂರನೆಯ ಮನೆಯವರು ತಂದೆಯ ಕಾಲದಲ್ಲಿಯೇ ಎರಡು ತಿಂಗಳ ಬಾಡಿಗೆ, ಅಂದರೆ 12,000 ರೂಪಾಯಿ, ಉಳಿಸಿಕೊಂಡಿದ್ದರು. ಅದು ತೀರಿಕೊಂಡವರಿಗೆ ಬರಬೇಕಾಗಿದ್ದ ಸಾಲ. ಅದಕ್ಕಾಗಿ ನ್ಯಾಯಾಲಯದಿಂದ ಡಿಕ್ರಿ ಬೇಕಾದರೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ವಾರಸು ಪ್ರಮಾಣಪತ್ರವನ್ನೋ ಅಂತಹ ಬೇರೆ ಅಧಿಕಾರಪತ್ರವನ್ನೋ ಹಾಜರುಪಡಿಸಬೇಕು. ತಂದೆ ಹೋದ ಮರುದಿನದಿಂದ ಬೆಳೆಯುವ ಬಾಡಿಗೆ ವಾರಸುದಾರರ ಸ್ವಂತದ್ದು. ಅದಕ್ಕೆ ಈ ಪ್ರಮಾಣಪತ್ರ ಬೇಕಿಲ್ಲ. ಲೆಕ್ಕದ ಪುಸ್ತಕದಲ್ಲಿ ಸಾವಿನ ದಿನ ಒಂದು ಗೆರೆ ಎಳೆದು, ಹಿಂದಿನದನ್ನೂ ಮುಂದಿನದನ್ನೂ ಬೇರೆ ಮಾಡಬೇಕೆಂದು ಹೇಳುವುದು ಇದಕ್ಕಾಗಿಯೇ.

ಬಿಡಿಸುವ ಮಾತನ್ನೂ ಅವರು ಬಿಡಲಿಲ್ಲ. ಸಹಒಡೆಯರಲ್ಲಿ ಒಬ್ಬರೇ ಮನೆ ಬಿಡಿಸುವ ದಾವೆ ಹೂಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ ಶ್ರೀರಾಮ ಪಸ್ರೀಚಾ ಅವರ ಮೊಕದ್ದಮೆಯಲ್ಲಿ ಹೇಳಿದೆ. ಆದರೆ ಉಳಿದ ಸಹಒಡೆಯರು ವಿರೋಧಿಸಿ ನಿಂತರೆ ಆ ದಾವೆಯ ಬುಡ ಅಲ್ಲಾಡುತ್ತದೆ. ಹೊಸ ಬಾಡಿಗೆಯವರನ್ನು ಇಡುವಾಗ ಎಲ್ಲರ ರುಜುವನ್ನೋ, ಎಲ್ಲರೂ ಬರೆದುಕೊಟ್ಟ ಅಧಿಕಾರಪತ್ರವನ್ನೋ ಪಡೆಯುವುದೇ ಲೇಸು. ಒಂದು ವರ್ಷಕ್ಕೆ ಮೀರಿದ ಅವಧಿಯ ಕರಾರಾದರೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರು ನಮ್ಮಲ್ಲಿ ಮನೆಮಾತಾಗಿರುವುದು ಅದನ್ನು ತಪ್ಪಿಸಿಕೊಳ್ಳಲಿಕ್ಕೇ.

ಇಷ್ಟು ಹೊತ್ತಿಗೆ ಬಸ್ಸೊಂದು ಬಂದು ಹೋಯಿತು. ನಾವು ಏಳಲಿಲ್ಲ. ಹೊಲದ ಮಾತು ಬಂದಿತು. ಯಾರೋ ಬಂದು ಎರಡು ಎಕರೆಯನ್ನು ಶುಂಠಿ ಬೆಳೆಯಲು ಗುತ್ತಿಗೆಗೆ ಕೇಳಿದ್ದಾರೆ, ಕೈತುಂಬ ಹಣ ಕೊಡುತ್ತಾರಂತೆ, ಎಂದು ತಮ್ಮ ಉತ್ಸಾಹದಿಂದ ಹೇಳಿದ. ಈ ತಾಲೂಕಿನಲ್ಲಿ ನೆರೆಯ ಕೇರಳದಿಂದ ಬಂದು ಶುಂಠಿ ಬಾಳೆಗಳಿಗೆ ಭೂಮಿ ಹಿಡಿಯುವುದು ಎಲ್ಲರೂ ಕಂಡ ಸಂಗತಿ. ನಮ್ಮ ಮಿತ್ರರು ಕೈಯೆತ್ತಿ ತಡೆದರು.

"ಮನೆ ಬೇರೆ, ಹೊಲ ಬೇರೆ. ಮನೆಯನ್ನು ಬಾಡಿಗೆಗೆ ಕೊಡಬಹುದು. ಸಾಗುವಳಿಯ ಭೂಮಿಯನ್ನು ಗುತ್ತಿಗೆಗೆ ಕೊಡುವುದನ್ನು ಕರ್ನಾಟಕದ ಭೂಸುಧಾರಣಾ ಕಾಯಿದೆ ನಿಷೇಧಿಸಿದೆ. ಸೈನಿಕರು ಮೊದಲಾದ ಕೆಲವರಿಗೆ ಮಾತ್ರ ವಿನಾಯಿತಿ. 1974ರ ಮಾರ್ಚ್ 1ರಂದು ಗೇಣಿದಾರರ ಕೈಯಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿ, ಉಳುವವರ ಪಾಲಾಯಿತೆಂಬುದನ್ನು ನಿಮ್ಮ ತಾತನವರು ಕಂಡಿರಬೇಕು. 2020ರ ತಿದ್ದುಪಡಿ ಭೂಮಿ ಕೊಳ್ಳುವವರ ಮೇಲಿನ ಕಟ್ಟನ್ನು ಸಡಿಲಿಸಿತೇ ಹೊರತು ಗುತ್ತಿಗೆಯ ನಿಷೇಧವನ್ನು ತೆಗೆಯಲಿಲ್ಲ. ಬಾಯಿಮಾತಿನ ಗುತ್ತಿಗೆಯಲ್ಲಿ ಹಣ ಬಾರದಿದ್ದರೆ ನೀವು ಯಾವ ಮುಖ ಹೊತ್ತು ನ್ಯಾಯಾಲಯಕ್ಕೆ ಹೋಗುತ್ತೀರಿ? ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಂತಹವರಿಗಾಗಿಯೇ ಹುಟ್ಟಿದ್ದು. ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ."

ಪೌತಿ ಖಾತೆಯೆಂದರೆ ತೀರಿಕೊಂಡವರ ಹೆಸರಿನಲ್ಲಿರುವ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು. ಹೊಲದ ವಿಷಯದಲ್ಲಿ 1964ರ ಭೂಕಂದಾಯ ಕಾಯಿದೆ, ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡಬೇಕೆನ್ನುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಇವು ಮುಖ್ಯವಾದ ದಾಖಲೆಗಳು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿದ್ದರೆ ಮೊದಲ ಮೆಟ್ಟಿಲು ಸಲೀಸು. ಪಟ್ಟಣದ ಮನೆಗೆ ಪುರಸಭೆಯಲ್ಲಿ ಖಾತೆ ಬದಲಾಗಬೇಕು. ತಾತನ ಹೆಸರಿನಲ್ಲಿಯೇ ಪಹಣಿ ಬರುತ್ತಿದೆ, ಕಂದಾಯ ಕಟ್ಟುತ್ತಿದ್ದೇವೆ, ಏನಾಯಿತು ಎನ್ನುವ ಮನೆಗಳು ನಮ್ಮ ಹಳ್ಳಿ ಪಟ್ಟಣಗಳಲ್ಲಿ ಬೇಕಾದಷ್ಟಿವೆ. ನಾಲ್ವರು ವಾರಸುದಾರರಿರುವಾಗ ಮಾಡದ ಕೆಲಸವನ್ನು ಮುಂದೆ ಇಪ್ಪತ್ತು ಜನ ವಾರಸುದಾರರಿರುವಾಗ ಮಾಡುವುದು ಹೇಗೆ? ಇನ್ನೊಂದು ಭ್ರಮೆಯೂ ಬೇಡ. ಅನುಕೂಲಕ್ಕೆಂದು ಖಾತೆಯನ್ನು ಒಬ್ಬರ ಹೆಸರಿಗೆ ಮಾಡಿದರೆ ಆಸ್ತಿಯೆಲ್ಲವೂ ಅವರದಾಗುವುದಿಲ್ಲ. ಖಾತೆ ಕಂದಾಯಕ್ಕೆ ದಾರಿ ತೋರಿಸುತ್ತದೆ, ಒಡೆತನವನ್ನು ಹುಟ್ಟಿಸುವುದಿಲ್ಲ.

ಇನ್ನು ಲೆಕ್ಕ. ನಮ್ಮ ಮಿತ್ರರು ನನ್ನ ಜೇಬಿನಿಂದ ಲೇಖನಿಯನ್ನು ಕಿತ್ತುಕೊಂಡು, ಪ್ರಸಾದದ ಕಾಗದವನ್ನು ತಿರುವಿ, ಹಿರಿಯ ಮಗ ಬಾಯಲ್ಲಿ ಹೇಳಿದ ಅಂಕಿಗಳನ್ನು ಬರೆದರು. ನಾಲ್ಕು ಮನೆಗಳ ಒಂದು ವರ್ಷದ ಬಾಡಿಗೆ 2,88,000 ರೂಪಾಯಿ. ಅದರಲ್ಲಿ ಕೈಗೆ ಬಂದದ್ದು 2,70,000, ಟೈಲರ ಬಳಿ ಇರುವುದು 18,000. ಖರ್ಚಿನಲ್ಲಿ ಕಂದಾಯ 9,600, ಮಾಡಿನ ರಿಪೇರಿ 42,000, ನೀರಿನ ಮೋಟಾರು 8,400, ಒಟ್ಟು 60,000. ಉಳಿದದ್ದು 2,28,000. ಹಿರಿಯ ಮಗ ಇಷ್ಟಕ್ಕೆ ನಿಲ್ಲಿಸಿದರು.

"ಆಸ್ಪತ್ರೆಯ ಕೊನೆಯ ಬಿಲ್ಲು, ಅಂತ್ಯಕ್ರಿಯೆ, ಉತ್ತರಕ್ರಿಯೆಗಳ ಖರ್ಚು ಯಾರದು?" ಎಂದು ನಮ್ಮ ಮಿತ್ರರು ಕೇಳಿದರು.

"ನಾನೇ ಕೊಟ್ಟೆ. ಒಂದು ಲಕ್ಷ ಆಯಿತು. ಅದನ್ನು ನಾನು ಯಾರನ್ನೂ ಕೇಳಲಿಲ್ಲ."

ತಂಗಿ ಮುಖ ತಗ್ಗಿಸಿದಳು. "ಅಣ್ಣಾ, ನೀನು ಹೇಳಿದ್ದರೆ ತಾನೇ ಗೊತ್ತಾಗುವುದು" ಎಂದಳು.

ತೀರಿಕೊಂಡವರ ಅಂತ್ಯಕ್ರಿಯೆಗೂ ಕೊನೆಗಾಲದ ಶುಶ್ರೂಷೆಗೂ ಆದ ಯುಕ್ತವಾದ ವೆಚ್ಚವನ್ನು ಅವರು ಬಿಟ್ಟುಹೋದ ಆಸ್ತಿಯಿಂದ ಎಲ್ಲಕ್ಕಿಂತ ಮೊದಲು ಭರಿಸಬೇಕೆಂಬುದು ಉತ್ತರಾಧಿಕಾರ ಕಾಯಿದೆಯ ನೀತಿ. ಅದು ಹಿರಿಯ ಮಗನೊಬ್ಬನ ತಲೆಯ ಮೇಲೆ ಬೀಳಬೇಕಾದ ಹೊರೆಯಲ್ಲ. ಆ ಒಂದು ಲಕ್ಷವನ್ನು ಕಳೆದರೆ ಉಳಿಯುವುದು 1,28,000. ನಾಲ್ಕು ಪಾಲಾದರೆ ತಲಾ 32,000 ರೂಪಾಯಿ. ಒಂದು ವರ್ಷ ಮಾತು ಬಿಟ್ಟು ಕುಳಿತ ಸಂಸಾರದ ವ್ಯಾಜ್ಯ ಒಂದು ಪ್ರಸಾದದ ಕಾಗದದ ಬೆನ್ನಿನಲ್ಲಿ ಅಡಗಿತ್ತು. ಅಣ್ಣ ಲೆಕ್ಕ ಕೊಡದೆ ತನ್ನ ಖರ್ಚನ್ನೂ ಮುಚ್ಚಿಟ್ಟಿದ್ದರು; ತಂಗಿ ಅಣ್ಣನು ಕೂಡಿಟ್ಟ ಹಣವನ್ನು ಊಹಿಸುತ್ತ ಅವರು ಕೈಯಿಂದ ಕೊಟ್ಟ ಹಣವನ್ನು ಮರೆತಿದ್ದಳು.

ಮುಂದಕ್ಕೆ ಮಾಡಬೇಕಾದುದನ್ನು ಅವರು ಹೀಗೆ ಹೇಳಿದರು. ಬಾಡಿಗೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ. ಸ್ವಂತ ಅಂಗಡಿಯ ಹಣ ಅದರಲ್ಲಿ ಬೆರೆಯಬಾರದು. ಒಂದು ಕಿರ್ದಿ ಪುಸ್ತಕವಿರಲಿ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಪ್ರತಿಯೊಂದು ಖರ್ಚಿಗೂ ರಸೀತಿ. ಇಂತಿಷ್ಟು ರೂಪಾಯಿಗೆ ಮೀರಿದ ರಿಪೇರಿಗೆ ಎಲ್ಲರ ಒಪ್ಪಿಗೆ ಬೇಕೆಂದು ಮೊದಲೇ ನಿಶ್ಚಯಿಸಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಆ ಪುಟದ ಫೋಟೋ ತೆಗೆದು ಎಲ್ಲರಿಗೂ ಕಳುಹಿಸಿ; ಕೇಳುವ ಮೊದಲೇ ಕಳುಹಿಸಿದ ಲೆಕ್ಕಕ್ಕೆ ಬೆಲೆ ಹೆಚ್ಚು. ಓಡಾಡುವವರಿಗೆ ಶ್ರಮದ ಬಾಬ್ತು ಏನಾದರೂ ಕೊಡಬೇಕೆಂದಿದ್ದರೆ ಅದನ್ನೂ ಬಾಯಿಬಿಟ್ಟು ಗೊತ್ತುಮಾಡಿಕೊಳ್ಳಿ. ಒಬ್ಬರು ತಾವಾಗಿಯೇ ಹಿಡಿದುಕೊಳ್ಳುವುದು ಬೇಡ.

ಆದಾಯ ತೆರಿಗೆಯಲ್ಲಿಯೂ ಬಾಡಿಗೆ ಒಬ್ಬರ ತಲೆಗೆ ಬರುವುದಿಲ್ಲ. ಪಾಲುಗಳು ನಿಶ್ಚಿತವಾಗಿರುವಾಗ ಅವರವರ ಪಾಲನ್ನು ಅವರವರೇ ತೋರಿಸಬೇಕು. ಬಾಡಿಗೆಯಲ್ಲಿ ಕಟ್ಟಿದ ಕಂದಾಯವನ್ನು ಕಳೆದು, ಉಳಿದುದರಲ್ಲಿ ನೂರಕ್ಕೆ 30ರಷ್ಟು ವಿನಾಯಿತಿ. ನಿಜವಾದ ರಿಪೇರಿ ಹೆಚ್ಚಾಗಲಿ, ಕಡಿಮೆಯಾಗಲಿ, ಇಷ್ಟೇ. ಈ ಲೆಕ್ಕದಲ್ಲಿ 2,88,000ಕ್ಕೆ 9,600 ಕಳೆದರೆ 2,78,400; ಒಬ್ಬರ ಪಾಲು 69,600; ಅದರಲ್ಲಿ ಶೇಕಡ 30, ಅಂದರೆ 20,880 ಕಳೆದು, ತಲಾ 48,720 ರೂಪಾಯಿಯನ್ನು ತಮ್ಮ ತಮ್ಮ ಆದಾಯಕ್ಕೆ ಸೇರಿಸಿಕೊಳ್ಳಬೇಕು. ತಂದೆಯವರು ಬದುಕಿದ್ದ ದಿನದವರೆಗಿನ ಆದಾಯಕ್ಕೆ ಅವರ ಹೆಸರಿನಲ್ಲಿಯೇ ವಾರಸುದಾರರು ವಿವರ ಸಲ್ಲಿಸಬೇಕು.

"ಉಯಿಲು ಇದ್ದಿದ್ದರೆ?" ಎಂದು ನಾನು ನಡುವೆ ಕೇಳಿದೆ.

"ಉಯಿಲಿನಲ್ಲಿ ನಿರ್ವಾಹಕರನ್ನು ನೇಮಿಸಿದ್ದರೆ ಆಸ್ತಿಯ ಆಡಳಿತ ಅವರ ಕೈಗೆ ಬರುತ್ತಿತ್ತು. ನ್ಯಾಯಾಲಯ ಉಯಿಲಿಗೆ ಪ್ರೊಬೇಟ್ ಕೊಟ್ಟ ಮೇಲೆ ಅವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ಒಪ್ಪಿಸಬೇಕು. ನೋಡಿ, ಹೊರಗಿನ ನಿರ್ವಾಹಕನಿಗೂ ಕಾನೂನು ಕೊಡುವುದು ಒಂದು ವರ್ಷ. ನಮ್ಮ ಹಿರಿಯರು ವರ್ಷಾಬ್ದಿಕವೆಂದು ಇಟ್ಟದ್ದೂ ಒಂದು ವರ್ಷ. ಅಷ್ಟರೊಳಗೆ ಪಿತೃಋಣದ ಜೊತೆಗೆ ಲೆಕ್ಕದ ಋಣವನ್ನೂ ತೀರಿಸಿಬಿಡಬೇಕು."

ಮಾರಬೇಕೆಂದಿದ್ದ ತಮ್ಮನಿಗೂ ಅವರು ಉತ್ತರ ಹೇಳಿದರು. ತನ್ನ ಪಾಲನ್ನು ಬಿಟ್ಟುಕೊಡುವ ಸ್ವಾತಂತ್ರ್ಯ ಪ್ರತಿಯೊಬ್ಬರಿಗೂ ಉಂಟು. ಆದರೆ ಹಾಗೆ ಬಂದ ಮನೆಯ ಪಾಲನ್ನು ಮಾರಹೊರಟಾಗ ಅದನ್ನು ಮೊದಲು ಕೊಳ್ಳುವ ಹಕ್ಕನ್ನು 1956ರ ಕಾಯಿದೆಯ 22ನೆಯ ಕಲಮು ಒಡಹುಟ್ಟಿದವರಿಗೂ ತಾಯಿಗೂ ಕೊಟ್ಟಿದೆ. ಎಲ್ಲರೂ ಒಪ್ಪಿದರೆ ಪಾಲುಪಾರೀಖತ್ತು ಬರೆದು ನೋಂದಾಯಿಸಬಹುದು. ಒಪ್ಪದಿದ್ದರೆ ವಿಭಾಗದ ದಾವೆ. ಆಗ ನ್ಯಾಯಾಲಯ ಬಾಡಿಗೆ ವಸೂಲಿಗೆ ರಿಸೀವರನ್ನು ನೇಮಿಸಿದರೂ ನೇಮಿಸಬಹುದು. ಅಪ್ಪ ಕಟ್ಟಿಸಿದ ಮನೆಯ ಬಾಡಿಗೆಯನ್ನು ಪರರು ಎಣಿಸುವುದನ್ನು ಮಕ್ಕಳು ನಿಂತು ನೋಡಬೇಕಾದೀತು.

ಆ ಹೊತ್ತಿಗೆ ಮಂಜು ಸರಿದು ದೇವಸ್ಥಾನದ ಗೋಪುರ ಕಾಣಿಸಿತು. "ಈ ಗೋಪಾಲಸ್ವಾಮಿಯನ್ನು ನೋಡಿ" ಎಂದರು ನಮ್ಮ ಮಿತ್ರರು. "ದೇವರ ವಿಗ್ರಹವನ್ನು ನಮ್ಮ ಕಾನೂನು ಆಸ್ತಿ ಹೊಂದಬಲ್ಲ ವ್ಯಕ್ತಿಯೆಂದೇ ಎಣಿಸುತ್ತದೆ. ಆತನಿಗೆ ಸಾವಿಲ್ಲ, ಆದುದರಿಂದ ಪೌತಿ ಖಾತೆಯೂ ಇಲ್ಲ. ಅರಸರು ಬದಲಾದರು, ಅಧಿಕಾರಿಗಳು ಬದಲಾದರು, ಒಡೆಯನು ಮಾತ್ರ ಅಲ್ಲಿಯೇ ಕೊಳಲು ಹಿಡಿದು ನಿಂತಿದ್ದಾನೆ. ಆದರೂ ಆತನ ಪರವಾಗಿ ಆಡಳಿತ ನಡೆಸುವವರು ಲೆಕ್ಕ ಒಪ್ಪಿಸಲೇಬೇಕು. ದೇವರ ಮನೆಯಲ್ಲಿಯೇ ಲೆಕ್ಕ ತಪ್ಪದೆಂದ ಮೇಲೆ ನಮ್ಮ ನಿಮ್ಮ ಮನೆಯಲ್ಲಿ ತಪ್ಪೀತೇ?"

ನನಗೆ ಕೆಳಗಿನ ಪಟ್ಟಣ ನೆನಪಾಯಿತು. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ಗುಂಡ್ಲುಪೇಟೆಯಲ್ಲಿ ಕಾಲವಾದ ತಮ್ಮ ತಂದೆಯ ಸದ್ಗತಿಗಾಗಿ ಅಲ್ಲಿ ಪರವಾಸುದೇವರ ದೇವಸ್ಥಾನವನ್ನು ಕಟ್ಟಿಸಿದರೆಂದು ಸ್ಥಳೇತಿಹಾಸ ಹೇಳುತ್ತದೆ. ಅರಸರಿಗೆ ಅದು ಸಾಧ್ಯ. ನಮ್ಮಂತಹ ಗೃಹಸ್ಥರು ತಂದೆಯ ಹೆಸರಿಗೆ ಕಟ್ಟಬಹುದಾದದ್ದು ಒಂದು ನೇರವಾದ ಲೆಕ್ಕದ ಪುಸ್ತಕ.

ಇಷ್ಟೆಲ್ಲ ನಡೆಯುವಾಗ ತಾಯಿ ಒಂದು ಮಾತನ್ನೂ ಆಡಿರಲಿಲ್ಲ. ನಮ್ಮ ಮಿತ್ರರು ಅವರ ಕಡೆಗೆ ತಿರುಗಿ, "ಅಮ್ಮಾ, ನಾಲ್ಕರಲ್ಲಿ ಒಂದು ಪಾಲು ನಿಮ್ಮದು. ಅದು ಅನ್ನಬಟ್ಟೆಗೆಂದು ಕೊಟ್ಟ ಜೀವನಾಂಶವಲ್ಲ; ಪೂರ್ಣವಾದ ಒಡೆತನ. ಯಾರಾದರೂ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿ ಎಂದರೆ ಓದಿಸಿ, ತಿಳಿದು, ನಿಮಗೆ ಮನಸ್ಸಿದ್ದರೆ ಮಾತ್ರ ಹಾಕಿ" ಎಂದರು.

"ಅಮ್ಮನಿಗೆ ನಾವು ಏನು ಕಡಿಮೆ ಮಾಡಿದ್ದೇವೆ?" ಎಂದು ಹಿರಿಯ ಮಗ ಕೊಂಚ ನೊಂದುಕೊಂಡು ಕೇಳಿದರು.

"ಕಡಿಮೆ ಏನೂ ಇಲ್ಲಪ್ಪ" ಎಂದರು ಆಕೆ. "ನಿಮ್ಮಪ್ಪ ಇದ್ದಾಗ ಒಂದನೇ ತಾರೀಖು ಟೈಲರು ಬಾಡಿಗೆ ತಂದು ನನ್ನ ಕೈಗೇ ಕೊಡುತ್ತಿದ್ದರು. ನಾನು ದೇವರ ಮುಂದೆ ಇಟ್ಟು ಆಮೇಲೆ ಅವರಿಗೆ ಕೊಡುತ್ತಿದ್ದೆ. ಈಗ ಹೂವಿಗೆ, ಎಣ್ಣೆಗೆ, ಔಷಧಿಗೆ ನಿನ್ನನ್ನು ಕೇಳಬೇಕು. ನೀನು ಇಲ್ಲ ಅಂದವನಲ್ಲ. ಆದರೆ ಕೇಳಬೇಕು."

ಯಾರೂ ಮಾತನಾಡಲಿಲ್ಲ. ಒಂದು ವರ್ಷದಿಂದ ಮೂವರು ಮಕ್ಕಳು ತಮ್ಮ ತಮ್ಮ ಪಾಲಿನ ಲೆಕ್ಕ ಹಾಕಿದ್ದರು. ನಾಲ್ಕನೆಯ ಪಾಲಿನ ಒಡತಿ ಅದೇ ಮನೆಯಲ್ಲಿ ಕುಳಿತು ಹೂವಿನ ಹಣ ಕೇಳುತ್ತಿದ್ದುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮುಂದಿನ ಬಸ್ಸಿನಲ್ಲಿ ಎಲ್ಲರೂ ಇಳಿದೆವು. ಟೈಲರಿಗೆ ಕೊಡುವ ಕಾಗದದ ಒಕ್ಕಣೆಯನ್ನು ನಮ್ಮ ಮಿತ್ರರು ಬಸ್ಸಿನಲ್ಲಿಯೇ ಹೇಳಿ ಬರೆಸಿದರು, ತಂಗಿ ಬರೆದುಕೊಂಡಳು. ತಾಯಿಯ ರುಜು ಮೊದಲಿಗಿರಲಿ ಎಂದು ಹಿರಿಯ ಮಗನೇ ಹೇಳಿದರು. ಮುಂದಿನ ತಿಂಗಳು ನಮ್ಮ ಮಿತ್ರರಿಗೆ ಅವರಿಂದ ಫೋನು ಬಂದಿತಂತೆ. ಟೈಲರು ಮೂರು ತಿಂಗಳ ಹಣವನ್ನು ಒಂದು ಲಕೋಟೆಯಲ್ಲಿ, ಆ ತಿಂಗಳಿನದನ್ನು ಇನ್ನೊಂದರಲ್ಲಿ ಹಾಕಿಕೊಂಡು ಬಂದರಂತೆ. ಇನ್ನು ಮೇಲೆ ಬ್ಯಾಂಕಿಗೆ ಕಟ್ಟಿದರೆ ಸಾಕೆಂದು ಹೇಳಿದಾಗ, ಇದೊಂದು ಸಲ ಅಮ್ಮನ ಕೈಗೆ ಕೊಟ್ಟು ಹೋಗುತ್ತೇನೆಂದರಂತೆ. ತಮ್ಮನಿಗೆ ಮನೆ ಮಾರುವ ಆಸೆ ಇನ್ನೂ ಬಿಟ್ಟಿಲ್ಲವಂತೆ. ಇರಲಿ, ಅದನ್ನು ಈಗ ಎಲ್ಲರೂ ಒಂದೇ ಮನೆಯಲ್ಲಿ ಕುಳಿತು ಮಾತನಾಡುತ್ತಿದ್ದಾರೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಗಾದೆ. ಲೆಕ್ಕ ಬಲ್ಲವನಿಗೆ ದಾಯಾದಿಯಿಲ್ಲ ಎಂದು ಮೂರನೆಯ ಮಾತನ್ನು ಸೇರಿಸಿದರೆ ತಪ್ಪಾಗದು. ವಾಚಕರ ಮನೆಗಳಲ್ಲಿಯೂ ತೀರಿಕೊಂಡ ಹಿರಿಯರ ಹೆಸರಿನಲ್ಲಿ ಬಾಡಿಗೆ ಬರುತ್ತಿದ್ದರೆ, ಬರುವ ಒಂದನೆಯ ತಾರೀಖಿನೊಳಗೆ ಒಂದು ಕಿರ್ದಿ ಪುಸ್ತಕವನ್ನು ಕೊಂಡು ತನ್ನಿ. ಮೊದಲ ಪುಟದಲ್ಲಿ ವಾರಸುದಾರರೆಲ್ಲರ ಹೆಸರನ್ನೂ ಬರೆಯಿರಿ. ಬರೆಯುವಾಗ, ಮನೆಯೊಳಗೆ ಮೌನವಾಗಿ ಕುಳಿತಿರುವವರೊಬ್ಬರ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ.